ಒಂದೇ ಕೈಯಲ್ಲಿ ಜಾವೆಲಿನ್: ನಮ್ಮ ಹುಡುಗನಿಗೆ ದಾರಿ ಹೇಳ್ರಿ

ನವಲಗುಂದ ಪಿಟಿ ಮಾಸ್ತರ್

ಎಲ್ಲರಿಗೂ ನಮಸ್ಕಾರ. ನಾನು ನವಲಗುಂದ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಪಿಟಿ ಮಾಸ್ತರ್. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬನಿದ್ದಾನೆ. ಆರು ವರ್ಷದವನಿದ್ದಾಗ ಮೇವು ಕತ್ತರಿಸುವ ಮಷೀನಿಗೆ ಅವನ ಎಡಗೈ ಸಿಕ್ಕಿತು. ಮೊಣಕೈ ಕೆಳಗೆ ನಾಲ್ಕು ಬೆರಳಿನಷ್ಟು ಮಾತ್ರ ಉಳಿದಿದೆ. ಆಟದ ಪಿರಿಯಡ್‌ನಲ್ಲಿ ಅವನು ಬೇವಿನ ಗಿಡದ ಕೆಳಗೆ ಕೂತು ಉಳಿದವರ ಚಪ್ಪಲಿ, ಪಾಟಿಚೀಲ ಕಾಯುತ್ತಿದ್ದ. ಹಾಗೆ ಕೂರಿಸಿದವನು ನಾನೇ. ಅದು ನನ್ನ ತಪ್ಪು, ಈಗ ಗೊತ್ತಾಗಿದೆ.

ಹೋದ ಸುಗ್ಗಿಯಲ್ಲಿ ಅವರ ಹೊಲದ ಕಡೆ ಹೋಗಿದ್ದೆ. ಬಿಳಿಜೋಳ ಕಿತ್ತು ಸಾಲಾಗಿ ಹಾಕಿದ್ದರು. ಹುಡುಗ ಒಂದೊಂದೇ ದಂಟು ಆರಿಸುತ್ತಿದ್ದ. ಹಲ್ಲಿನಲ್ಲಿ ಹಿಡಿದು ರವದಿ ಸುಲಿಯುತ್ತಿದ್ದ. ಆಮೇಲೆ ಬುಡ ಮುಂದೆ, ತುದಿ ಹಿಂದೆ ಮಾಡಿ ಒಗೆಯುತ್ತಿದ್ದ. ಬುಡ ಭಾರ, ಅದು ಮುಂದಿದ್ದರೆ ದಂಟು ನೆಟ್ಟಗೆ ಹೋಗುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ದಂಟು ಬಣವೆ ದಾಟಿ ಬದುವಿನ ಆಚೆ ಬಿತ್ತು. ನಾನು ಸುಮ್ನೆ ನಿಂತು ನೋಡಿದೆ. ನನ್ನನ್ನು ಕಂಡ ಕೂಡಲೇ ದಂಟು ಕೆಳಗೆ ಹಾಕಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಸರ, ಸಾಲ್ಯಾಗ ಆ ಉದ್ದಂದು ಐತಲ್ರಿ, ಅದನ್ನ ನಾನೂ ಒಗಿಲೇನ್ರಿ?"

ಶಾಲೆಯಲ್ಲಿ ಇದ್ದ ಜಾವೆಲಿನ್, ಅಂದರೆ ಒಗೆಯುವ ಈಟಿ, ಬಾಗಿ ಹೋಗಿದೆ. ಅದಕ್ಕೇ ಬಿದಿರಿನದು ಒಂದು ಮಾಡಿಸಿದೆ. ಮೂರು ತಿಂಗಳಿಂದ ಒಗೆಯುತ್ತಿದ್ದಾನೆ. ಈಗ ಅವರ ಅವ್ವ ಬೇಡ ಅನ್ನುತ್ತಿದ್ದಾರೆ. "ಉಳಿದಿದ್ದು ಒಂದ ಕೈ. ಅದಕ್ಕೂ ಏನರ ಆದ್ರ ನಾ ಏನ್ ಮಾಡ್ಲಿ ಸರ?" ಅಂತ ಕೇಳಿದರು. ನಾನು ದೇವೇಂದ್ರ ಝಝಾರಿಯಾ ಅವರ ಕಥೆ ಹೇಳಿದೆ. ರಾಜಸ್ಥಾನದ ಚುರು ಜಿಲ್ಲೆಯ ಹಳ್ಳಿ ಹುಡುಗ. ಎಂಟು ವರ್ಷಕ್ಕೆ ಗಿಡ ಹತ್ತಿದಾಗ ಕರೆಂಟ್ ತಂತಿ ತಾಗಿ ಎಡಗೈ ಹೋಯಿತು. ಮುಂದೆ ಪ್ಯಾರಾಲಿಂಪಿಕ್ಸ್‌ನಲ್ಲಿ, ಅಂದರೆ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ, ಜಾವೆಲಿನ್ ಒಗೆದು ಎರಡು ಚಿನ್ನ ಗೆದ್ದರು. ಆ ತಾಯಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅವನವ್ವ ಹ್ಯಾಂಗ ಕಳಿಸಿದ್ಲು?" ನನಗೆ ಉತ್ತರ ಗೊತ್ತಿರಲಿಲ್ಲ.

ಹುಬ್ಬಳ್ಳಿ-ಧಾರವಾಡದ ಕಡೆ ಇದನ್ನು ಬಲ್ಲವರು ಯಾರಾದರೂ ಇದ್ದೀರಾ? ಒಂದು ಕೈ ಇಲ್ಲದವನಿಗೆ ಹೇಗೆ ಕಲಿಸಬೇಕು? ಕಾಗದ ಪತ್ರ ಏನು ಬೇಕು? ನನಗೆ ಕಬಡ್ಡಿ, ಖೋಖೋ ಗೊತ್ತು. ಇದು ಗೊತ್ತಿಲ್ಲ.

ಸಪ್ತಾಪುರದವ

ಮಾಸ್ತರ್ರೆ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನನಗೂ ಎಡಗೈ ಇಲ್ಲ. ಹನ್ನೊಂದು ವರ್ಷ ಜಾವೆಲಿನ್ ಒಗೆದಿದ್ದೇನೆ. ರಾಜ್ಯ ಮಟ್ಟ ದಾಟಲಿಲ್ಲ, ಆದರೆ ಆಟ ಚೆನ್ನಾಗಿ ಗೊತ್ತು.

ಮೊದಲು ತೂಕ. ದೊಡ್ಡ ಗಂಡಸರ ಜಾವೆಲಿನ್ 800 ಗ್ರಾಂ. ಅದನ್ನು ಈಗಲೇ ಕೊಡಬೇಡಿ. 600 ಗ್ರಾಂನದು ಸಾಕು, ಹೆಂಗಸರು ಬಳಸುವುದು ಅದೇ. ದಿನಾ ಒಗೆಸಬೇಡಿ. ವಾರಕ್ಕೆ ಎರಡು ದಿನ ಸಾಕು. ಉಳಿದ ದಿನ ಓಟ, ಹೊಟ್ಟೆ-ಬೆನ್ನಿನ ವ್ಯಾಯಾಮ, ಗೋಡೆಗೆ ಚೆಂಡು ಒಗೆಯುವುದು. ಮೊಣಕೈ ಒಳಬದಿ ನೋವು ಅಂದರೆ ಅವತ್ತೇ ನಿಲ್ಲಿಸಿ. ಅವರ ಅವ್ವ ಹೆದರಿದ್ದು ಸುಮ್ನೆ ಅಲ್ಲ. ಇನ್ನೊಂದು ಕೈ ಇರುವವನಿಗೆ ಬಲಗೈ ನೋವು ಬಂದರೆ ಎಡಗೈಯಲ್ಲಿ ಊಟ ಮಾಡುತ್ತಾನೆ, ಅಂಗಿ ಗುಂಡಿ ಹಾಕುತ್ತಾನೆ. ನಮಗೆ ಅದೂ ಇಲ್ಲ. ನನಗೆ ಒಂದು ಸಲ ಭುಜ ಉಳುಕಿ ಹದಿನೈದು ದಿನ ನನ್ನ ತಂಗಿ ತುತ್ತು ಮಾಡಿ ಉಣಿಸಿದ್ದಳು. ಅದಕ್ಕೇ ಹೇಳುತ್ತೇನೆ, ಕೈ ಕಾಪಾಡುವುದೇ ಮೊದಲ ಪಾಠ.

ಈಗ ಒಗೆತ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವರು ಕವಣೆ ಬೀಸುವುದನ್ನು ಹುಡುಗ ನೋಡಿರುತ್ತಾನೆ. ಕಲ್ಲಿಗೆ ವೇಗ ಬರೀ ಕೈಯಿಂದ ಬರುವುದಿಲ್ಲ, ಕಾಲಿನಿಂದ ಶುರುವಾಗಿ ಸೊಂಟ, ಭುಜ ದಾಟಿ ಕೈಗೆ ಬರುತ್ತದೆ. ಜಾವೆಲಿನ್ ಕೂಡ ಹಾಗೇ. ಬಲಗೈಯವರು ಒಗೆಯುವಾಗ ಎಡಗಾಲು ಮುಂದೆ ಊರಿ ಗೂಟದ ಹಾಗೆ ನಿಲ್ಲಿಸುತ್ತಾರೆ. ಅದೇ ಹೊತ್ತಿಗೆ ಮುಂದೆ ಚಾಚಿದ ಎಡಗೈಯನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಆ ಎಳೆತಕ್ಕೆ ಎದೆ ತಿರುಗಿ ಬಲ ಭುಜ ಮುಂದೆ ನುಗ್ಗುತ್ತದೆ. ನಮಗೆ ಆ ಎಡಗೈಯ ಭಾರವೇ ಇಲ್ಲ. ಹಾಗಾಗಿ ಮೈ ಬೇಗ ತೆರೆದುಕೊಳ್ಳುತ್ತದೆ, ಎಡಕ್ಕೆ ವಾಲುತ್ತದೆ, ಜಾವೆಲಿನ್ ಬಲಗಡೆ ಜಾರಿ ಹೋಗುತ್ತದೆ. ನಿಮ್ಮ ಹುಡುಗನ ಒಗೆತ ಜಾಸ್ತಿ ಬಲಕ್ಕೆ ಬೀಳುತ್ತಿದ್ದರೆ ಕಾರಣ ಇದೇ.

ಮೊಣಕೈ ಉಳಿದಿದೆ ಅಂದ್ರಲ್ಲ, ಅದು ದೊಡ್ಡ ವಿಷಯ. ಉಳಿದ ಕೈಗೆ ಮೆತ್ತನೆ ಪಟ್ಟಿ ಸುತ್ತಿ, ರಬ್ಬರ್ ಬ್ಯಾಂಡ್ ಕಟ್ಟಿ, ಹಿಂದಕ್ಕೆ ಎಳೆಯುವುದನ್ನು ಕಲಿಸಿ. ಎಡ ಭುಜ ಬಡಕಲಾಗಲು ಬಿಡಬೇಡಿ. ನಾನು ಮೊದಲ ಎರಡು ವರ್ಷ ಬರೀ ಬಲಗೈ ಗಟ್ಟಿ ಮಾಡಿದೆ. ಬೆನ್ನು ಸೊಟ್ಟ ಆಯಿತು. ಅದು ಸರಿಯಾಗಲು ಅಷ್ಟೇ ವರ್ಷ ಹಿಡಿಯಿತು.

ಕಾಗದದ ವಿಷಯ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಆದರೆ ಒಂದು ಮಾತು ನೆನಪಿಡಿ: ಆ ಕಾರ್ಡಿನ ಶೇಕಡಾ ಲೆಕ್ಕ ಬೇರೆ, ಆಟದ ಕ್ಲಾಸಿಫಿಕೇಶನ್, ಅಂದರೆ ಯಾವ ಗುಂಪಿನಲ್ಲಿ ಆಡಬೇಕು ಅನ್ನುವ ವಿಂಗಡಣೆ, ಬೇರೆ. ಒಂದು ಕೈಗೆ ತೊಂದರೆ ಇರುವವರು ಎಸೆತದಲ್ಲಿ ಎಫ್46. ಎಫ್ ಅಂದರೆ ಫೀಲ್ಡ್. ಯಾವ ಕ್ಲಾಸ್ ಅಂತ ಕೂಟದ ಕ್ಲಾಸಿಫಿಕೇಶನ್ ತಂಡ ಕೈ ಅಳೆದು, ಆಟ ನೋಡಿ ಹೇಳುತ್ತದೆ. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಒಗೆದ ವಿನೋದ್ ಕುಮಾರ್ ಅವರಿಗೆ ಕಂಚು ಬಂದಿತ್ತು. ಆಮೇಲೆ ಎಫ್52 ಕ್ಲಾಸಿಗೆ ಅವರು ಸೇರುವುದಿಲ್ಲ ಅಂತ ತೀರ್ಮಾನವಾಗಿ ಪದಕ ಹೋಯಿತು. ಹಾಗಾಗಿ ಆಸ್ಪತ್ರೆ ಕಾಗದ ಎಲ್ಲ ಒಂದು ಫೈಲಿನಲ್ಲಿ ಇಡಿ. ಮೊದಲ ಆಪರೇಷನ್ ಚೀಟಿಯಿಂದ ಹಿಡಿದು.

ಭಾನುವಾರ ಬೆಳಿಗ್ಗೆ ನಾನು ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಂನಲ್ಲಿ ಇರುತ್ತೇನೆ. ಕರೆದುಕೊಂಡು ಬನ್ನಿ.

ಮಾಳಮಡ್ಡಿ ಅಜ್ಜ

ಮಾಸ್ತರೇ, "ಅವನವ್ವ ಹ್ಯಾಂಗ ಕಳಿಸಿದ್ಲು" ಅನ್ನುವ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಕೈ ಹೋದ ಮೇಲೆ ಬಾಲಕ ಝಝಾರಿಯಾ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೊರಗೆ ಹೋಗಿ ಎಲ್ಲರ ಜೊತೆ ಆಡು ಅಂತ ದಬ್ಬಿದ್ದೇ ಅವರ ತಾಯಿ. ಝಝಾರಿಯಾ ಅವರೇ ಇದನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮೊದಲ ಈಟಿ ಕಟ್ಟಿಗೆಯದು, ತಾವೇ ಮಾಡಿಕೊಂಡದ್ದು. ನಿಮ್ಮ ಹುಡುಗನ ಜೋಳದ ದಂಟಿನ ಹಾಗೆ.

ಆದರೆ ಆ ತಾಯಿಗೆ ಎರಡು ಚಿನ್ನದ ಕಥೆ ಅಷ್ಟೇ ಹೇಳಬೇಡಿ. ನಡುವಿನ 12 ವರ್ಷದ ಕಥೆಯನ್ನೂ ಹೇಳಿ. ನನಗೆ ಈ ಮನುಷ್ಯ ದೊಡ್ಡವರಾಗಿ ಕಾಣುವುದು ಅಲ್ಲೇ.

2004. ಅಥೆನ್ಸ್. ಅದೇ ಊರಿನ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದದ್ದು ನಮ್ಮ ಓಣಿಯ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಮುಂದಿನ ತಿಂಗಳು ಪ್ಯಾರಾಲಿಂಪಿಕ್ಸ್. ಝಝಾರಿಯಾ 62.15 ಮೀಟರ್ ಒಗೆದು ವಿಶ್ವ ದಾಖಲೆ ಮಾಡಿ ಚಿನ್ನ ಗೆದ್ದರು. 1972ರಲ್ಲಿ ಮುರಳಿಕಾಂತ ಪೇಟ್ಕರ್ ಈಜಿನಲ್ಲಿ ಗೆದ್ದ ಮೇಲೆ ನಮಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ಅದು ಎರಡನೇ ಚಿನ್ನ. 32 ವರ್ಷ ಆಗಿತ್ತು. ನನಗೆ ಆ ಸುದ್ದಿ ತಿಳಿದಿದ್ದು ಎಷ್ಟೋ ವರ್ಷದ ನಂತರ. ದಿನಾ ಪೇಪರ್ ಓದುವವನು ನಾನು. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಆಮೇಲೆ ಏನಾಯಿತು? 2008ರ ಬೀಜಿಂಗ್‌ನಲ್ಲಿ ಎಫ್46 ಜಾವೆಲಿನ್ ಸ್ಪರ್ಧೆಯೇ ಇರಲಿಲ್ಲ. 2012ರ ಲಂಡನ್‌ನಲ್ಲೂ ಇಲ್ಲ. ಸೋತು ಮನೆಗೆ ಹೋದವರಲ್ಲ, ಆಡಲು ಕಣವೇ ಇಲ್ಲದವರು. ವಿಶ್ವ ದಾಖಲೆ ಕೈಯಲ್ಲಿ ಇಟ್ಟುಕೊಂಡು 12 ವರ್ಷ ಕಾಯಬೇಕಾಯಿತು. 23ರ ಹುಡುಗ 35ರ ಗಂಡಸಾದ. ಮದುವೆಯಾಯಿತು, ಮಕ್ಕಳಾದವು. ನಡುವೆ 2013ರಲ್ಲಿ ಲಿಯಾನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2016ರಲ್ಲಿ ರಿಯೋ ಹೊತ್ತಿಗೆ ಅವರ ಪುಟ್ಟ ಮಗಳು, ನಾನು ಎಲ್‌ಕೆಜಿಯಲ್ಲಿ ಫಸ್ಟ್ ಬಂದೆ, ಈಗ ನಿನ್ನ ಸರದಿ ಅಂದಳಂತೆ. ಅಲ್ಲಿ 63.97 ಮೀಟರ್. ತಮ್ಮದೇ ದಾಖಲೆ ಮುರಿದು ಮತ್ತೆ ಚಿನ್ನ.

ಟೋಕಿಯೋ ಹೊತ್ತಿಗೆ ವಯಸ್ಸು 40. ಹಿಂದಿನ ವರ್ಷ ತಂದೆ ತೀರಿಕೊಂಡಿದ್ದರು. ಅಲ್ಲಿ 64.35 ಒಗೆದರು. ಮೂರು ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ಅತಿ ದೂರದ ಎಸೆತ ಅದೇ, ಬಂದದ್ದು ಮಾತ್ರ ಬೆಳ್ಳಿ. ಶ್ರೀಲಂಕಾದ ದಿನೇಶ್ ಪ್ರಿಯಂತ ಹೇರತ್ 67.79 ಒಗೆದು ಮುಂದೆ ಹೋದರು. ನಮ್ಮ ಸುಂದರ್ ಸಿಂಗ್ ಗುರ್ಜರ್ 64.01ಕ್ಕೆ ಕಂಚು. ಮೂರು ಅಂಕಿ ಒಂದು ಹಾಳೆಯ ಮೇಲೆ ಬರೆದು ಹುಡುಗನಿಗೆ ತೋರಿಸಿ: 62.15, 63.97, 64.35. 17 ವರ್ಷದಲ್ಲಿ ಎರಡು ಮೀಟರ್ ಮತ್ತು ಒಂದು ಗೇಣು.

ಗದಗ ಬೆಟಗೇರಿ ಅಕ್ಕ

ಅಜ್ಜಾರೆ, ಓದಿ ಕಣ್ಣು ತುಂಬಿ ಬಂತು. ನಾನೂ ಒಂದು ಕೇಳಲಾ? ನನ್ನ ಮಗಳಿಗೆ ಎರಡೂ ಕಾಲಿಗೆ ಬಲ ಇಲ್ಲ, ವೀಲ್‌ಚೇರ್. ಹದಿನಾರು ವರ್ಷ. ಕೈ ಮಾತ್ರ ಗಟ್ಟಿ, ಹಿಟ್ಟು ನಾದುವುದು ಮನೆಯಲ್ಲಿ ಅವಳೇ. ಕೂತುಕೊಂಡೇ ಜಾವೆಲಿನ್ ಒಗೆಯಲು ಬರುತ್ತದೆಯಾ? ಮಾಲತಿ ಹೊಳ್ಳ ಅವರ ಬಗ್ಗೆ ಕೇಳಿದ್ದೇನೆ, ಅವರೂ ವೀಲ್‌ಚೇರ್‌ನವರೇ ಅಲ್ವಾ?

ಸಪ್ತಾಪುರದವ

ಹೌದು ಅಕ್ಕಾರೆ. ಮಾಲತಿ ಹೊಳ್ಳ ಅವರಿಗೆ ಸಣ್ಣವರಿದ್ದಾಗ ಪೋಲಿಯೋ ಆಗಿತ್ತು. ಜಾವೆಲಿನ್, ಶಾಟ್‌ಪುಟ್, ಡಿಸ್ಕಸ್ ಎಲ್ಲ ಕೂತೇ ಒಗೆದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ನಮ್ಮ ಕರ್ನಾಟಕದಲ್ಲಿ ಈ ದಾರಿ ಮೊದಲು ತುಳಿದವರಲ್ಲಿ ಅವರ ಹೆಸರು ದೊಡ್ಡದು.

ಕೂತು ಒಗೆಯುವವರ ಕ್ಲಾಸ್ ಎಫ್51ರಿಂದ ಎಫ್57ರವರೆಗೆ. ಇದಕ್ಕೆ ಬೇರೆ ಕುರ್ಚಿ ಬೇಕು. ಕಬ್ಬಿಣದ ಚೌಕಟ್ಟು, ಗಾಲಿ ಇಲ್ಲ. ಕುಶನ್ ಸೇರಿ ಎತ್ತರ 75 ಸೆಂಟಿಮೀಟರ್ ದಾಟಬಾರದು. ಅದನ್ನು ನೆಲಕ್ಕೆ ಪಟ್ಟಿ ಹಾಕಿ ಬಿಗಿಯುತ್ತಾರೆ, ಇಲ್ಲದಿದ್ದರೆ ಒಗೆದ ರಭಸಕ್ಕೆ ಕುರ್ಚಿಯೇ ಅಲ್ಲಾಡುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ನನ್ನ ಗೆಳತಿಯ ಕುರ್ಚಿ ಮಾಡಿಸಿದ್ದು ಹುಬ್ಬಳ್ಳಿಯಲ್ಲೇ, ಎತ್ತಿನ ಗಾಡಿಯ ಕೆಲಸ ಮಾಡುವವರ ಹತ್ತಿರ. ಅಳತೆ ನಾನು ಕಳಿಸುತ್ತೇನೆ. ಮಗಳು ಹಿಟ್ಟು ನಾದುತ್ತಾಳೆ ಅಂದ್ರಲ್ಲ, ಭುಜಕ್ಕೆ ಅದು ಒಳ್ಳೆ ವ್ಯಾಯಾಮ.

ಅಣ್ಣಿಗೇರಿ ರೈತ

ಎಲ್ಲ ಚಲೋ ಇದೆ. ಆದರೆ ಒಂದು ಮಾತು ಹೇಳಲೇಬೇಕು. ಒಂದು ಕೈಯ ಹುಡುಗ ಹೊಲದ ಕೆಲಸ ಪೂರ್ತಿ ಮಾಡಲಾರ. ಓದು ಒಂದೇ ಅವನಿಗೆ ಆಧಾರ. ಆಟದ ಹುಚ್ಚು ಹಿಡಿಸಿ ಎಸ್ಸೆಸ್ಸೆಲ್ಸಿ ಹೋದರೆ ಯಾರು ಜವಾಬ್ದಾರಿ? ನನ್ನ ಅಣ್ಣನ ಮಗ ಕುಸ್ತಿ ಅಂತ ಐದು ವರ್ಷ ಕಳೆದ. ಈಗ ಮನೆಯಲ್ಲಿ ಕೂತಿದ್ದಾನೆ.

ನವಲಗುಂದ ಪಿಟಿ ಮಾಸ್ತರ್

ಅಣ್ಣಾರೆ, ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಓದು ಬಿಡಿಸುವುದಿಲ್ಲ, ಅದು ನನ್ನ ಹೊಣೆ. ಆದರೆ ಈ ಮೂರು ತಿಂಗಳಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮೊದಲು ಹುಡುಗ ಕ್ಲಾಸಿನಲ್ಲಿ ಎಡಗಡೆ ಗೋಡೆಗೆ ಒತ್ತಿ ಕೂರುತ್ತಿದ್ದ, ಕೈ ಯಾರಿಗೂ ಕಾಣಬಾರದು ಅಂತ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಹೋದ ವಾರ ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದ. ಗಣಿತದ ಟೀಚರ್ ಬಂದು ನನಗೆ ಹೇಳಿದರು, ಈಗ ಬೋರ್ಡ್ ಹತ್ತಿರ ಬಂದು ಲೆಕ್ಕ ಬಿಡಿಸುತ್ತಾನೆ ಅಂತ.

ಸಪ್ತಾಪುರದವ

ಅಣ್ಣಿಗೇರಿ ಅಣ್ಣಾರೆ, ಕೆಲಸದ ಮಾತಿಗೆ ಇದನ್ನೂ ಸೇರಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಕೆಲಸದಲ್ಲಿ 4 ಶೇಕಡಾ ಮೀಸಲು ಇದೆ. ಕ್ರೀಡಾ ಕೋಟಾ ಬೇರೆ. ಝಝಾರಿಯಾ ರೈಲ್ವೆಯಲ್ಲಿ ಕೆಲಸ ಮಾಡಿದವರು. ಆಮೇಲೆ ಸಾಯ್‌ನಲ್ಲಿ, ಅಂದರೆ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ, ಕೋಚ್. 2024ರಲ್ಲಿ ಭಾರತದ ಪ್ಯಾರಾಲಿಂಪಿಕ್ ಸಮಿತಿಗೆ ಅಧ್ಯಕ್ಷರೇ ಆದರು. ಎಲ್ಲರಿಗೂ ಹಾಗೆ ಆಗುವುದಿಲ್ಲ, ನನಗೂ ಆಗಲಿಲ್ಲ. ನಾನು ಈಗ ಒಂದು ಆಫೀಸಿನಲ್ಲಿ ಗುಮಾಸ್ತ. ಆದರೆ ಆ ಕೆಲಸದ ಇಂಟರ್‌ವ್ಯೂಗೆ ತಲೆ ಎತ್ತಿ ಹೋದೆನಲ್ಲ, ಆ ಧೈರ್ಯ ಕೊಟ್ಟದ್ದು ಮೈದಾನ. ಅದಕ್ಕೂ ಮೊದಲು ಒಂದು ಕಚೇರಿಯಲ್ಲಿ ಸರ್ಟಿಫಿಕೇಟಿಗೆ ನಿಂತಾಗ ಒಬ್ಬರು ನನ್ನ ಮುಖ ನೋಡದೆ, ಪಕ್ಕದಲ್ಲಿದ್ದ ನನ್ನಪ್ಪನನ್ನು ಕೇಳಿದ್ದರು: "ಇವಗ ಸಹಿ ಮಾಡಾಕ ಬರತೈತೇನು?" ಆಗ ನಾನು ಡಿಗ್ರಿ ಮುಗಿಸಿದ್ದೆ.

ನವನಗರ, ಕಾಲಿನ ಕೆಲಸದವ

ನಾನು ಕೃತಕ ಕಾಲು ಮಾಡುವ ಕೆಲಸದಲ್ಲಿ ಇದ್ದೇನೆ. ಸುಮಿತ್ ಅಂತಿಲ್ ಹೆಸರು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿಯಾಣದ ಸೋನಿಪತ್ ಕಡೆಯವರು. ಕುಸ್ತಿ ಪೈಲ್ವಾನ್ ಆಗಬೇಕು ಅಂತ ಇದ್ದವರು. 2015ರಲ್ಲಿ ಬೈಕ್ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆರೇ ವರ್ಷಕ್ಕೆ ಟೋಕಿಯೋದಲ್ಲಿ 68.55 ಮೀಟರ್, ಚಿನ್ನ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 73.29, ವಿಶ್ವ ದಾಖಲೆ. 2024ರ ಪ್ಯಾರಿಸ್‌ನಲ್ಲಿ 70.59, ಮತ್ತೆ ಚಿನ್ನ.

ಸಪ್ತಾಪುರದವರು ಹೇಳಿದರಲ್ಲ, ಎಡಗಾಲು ಗೂಟದ ಹಾಗೆ ಊರಬೇಕು ಅಂತ. ಸುಮಿತ್ ಅವರಿಗೆ ಇಲ್ಲದಿರುವುದು ಅದೇ ಕಾಲು. ಓಡಿ ಬಂದ ಮೈಯ ಪೂರ್ತಿ ರಭಸ ಆ ಕೃತಕ ಕಾಲಿನ ಮೇಲೆ ಬೀಳುತ್ತದೆ. ಸಾಕೆಟ್ ಅಂತ ಒಂದು ಬಟ್ಟಲು ಇರುತ್ತದೆ, ಉಳಿದ ಕಾಲು ಅದರೊಳಗೆ ಕೂರುತ್ತದೆ. ಒಂದು ಕೂದಲೆಳೆ ಸಡಿಲ ಇದ್ದರೂ ಒಳಗೆ ಚರ್ಮ ಉಜ್ಜಿ ಗುಳ್ಳೆ ಏಳುತ್ತದೆ. ನಮ್ಮಲ್ಲಿ ಬರುವ ಹುಡುಗರು ಕಾಲಿನಿಂದ ಸಾಕ್ಸ್ ತೆಗೆದಾಗ ರಕ್ತ ಅಂಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬರೀ ನಡೆದದ್ದಕ್ಕೆ ಹಾಗೆ. ಈ ಮನುಷ್ಯ ಅದರ ಮೇಲೆ ಓಡಿ ಬಂದು ಬ್ರೇಕ್ ಹಾಕಿ ಒಗೆಯುತ್ತಾರೆ. ನನ್ನ ಟೇಬಲ್ ಎದುರು ಅವರ ಫೋಟೋ ಅಂಟಿಸಿದ್ದೇನೆ. ಕಾಲು ಕಳೆದುಕೊಂಡು ಹೊಸದಾಗಿ ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಹಾವೇರಿಯ ತಂಗಿ

ಸಣ್ಣದೊಂದು ಸೇರಿಸಲಾ? ನಾನು ಕಣ್ಣು ಕಾಣದ ಓಟಗಾರ್ತಿಯೊಬ್ಬರಿಗೆ ಗೈಡ್ ಆಗಿ ಓಡುತ್ತೇನೆ. ಮಾಸ್ತರ್ ಸರ್, ಹುಡುಗನಿಗೆ ಕಾಲ್ ರೂಮ್ ಬಗ್ಗೆ ಮೊದಲೇ ಹೇಳಿಕೊಡಿ. ಸ್ಪರ್ಧೆಗೆ ಮುಂಚೆ ಹೆಸರು ಕೂಗುತ್ತಾರೆ, ಅಷ್ಟರಲ್ಲಿ ಅಲ್ಲಿ ಇರಲೇಬೇಕು. ಸುಂದರ್ ಸಿಂಗ್ ಗುರ್ಜರ್ ರಿಯೋದಲ್ಲಿ ಅಲ್ಲಿಗೆ ತಡವಾಗಿ ಬಂದರು ಅಂತ ಒಗೆಯಲು ಬಿಡಲೇ ಇಲ್ಲ. ಅಷ್ಟು ದೂರ ಹೋಗಿ ಒಂದೂ ಎಸೆತ ಇಲ್ಲ. ಆದರೂ ಮುಂದಿನ ವರ್ಷ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2019ರಲ್ಲಿ ದುಬೈನಲ್ಲಿ ಮತ್ತೆ. ನಮ್ಮ ಹಳ್ಳಿ ಮಕ್ಕಳು ಹಿಂದಿ, ಇಂಗ್ಲಿಷ್ ಅನೌನ್ಸ್‌ಮೆಂಟ್ ಅರ್ಥವಾಗದೆ ಗಾಬರಿಯಾಗುತ್ತಾರೆ. ತನ್ನ ಹೆಸರು, ನಂಬರ್, ಕ್ಲಾಸ್ ಮೂರನ್ನೂ ಎರಡೂ ಭಾಷೆಯಲ್ಲಿ ಕೇಳಿ ಗುರುತು ಹಿಡಿಯುವ ಅಭ್ಯಾಸ ಮಾಡಿಸಿ.

ನವಲಗುಂದ ಪಿಟಿ ಮಾಸ್ತರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಭಾನುವಾರ ಧಾರವಾಡಕ್ಕೆ ಹೋಗಿದ್ದೆವು. ಹುಡುಗ, ನಾನು, ಮತ್ತು ಅವರ ಅವ್ವ. ಹೌದು, ಅವ್ವನೂ ಬಂದರು. ಅಜ್ಜಾರು ಬರೆದದ್ದನ್ನು ಓದಿ ಹೇಳಿದ್ದೆ. ಆ ತಾಯಿ ಹೊರಗೆ ದಬ್ಬಿದ ಮಾತು ಬಂದಾಗ ಇನ್ನೊಮ್ಮೆ ಓದ್ರಿ ಅಂದರು.

ಸಪ್ತಾಪುರದ ಸರ್ ಮೊದಲು ಜಾವೆಲಿನ್ ಕೊಡಲೇ ಇಲ್ಲ. ಅಂಗಿ ಕಳಚಿ ತಮ್ಮ ಕೈ ತೋರಿಸಿದರು. ಹುಡುಗನೂ ಅಂಗಿ ತೆಗೆದ. ಇಬ್ಬರೂ ಒಬ್ಬರ ಕೈ ಪಕ್ಕ ಒಬ್ಬರು ಕೈ ಇಟ್ಟು ಅಳತೆ ನೋಡಿದರು. ಹುಡುಗನದು ಒಂದು ಬೆರಳು ಉದ್ದ. ಅವನು ನಕ್ಕ. ಮೂರು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ 600 ಗ್ರಾಂನ ಜಾವೆಲಿನ್. ಹಗ್ಗ ಸುತ್ತಿದ ಹಿಡಿಯ ಹಿಂಬದಿಯ ಅಂಚಿಗೆ ನಡುಬೆರಳು ಬರಬೇಕಂತೆ. ನಾನು ಬಿದಿರಿಗೆ ಹಗ್ಗವನ್ನೇ ಸುತ್ತಿರಲಿಲ್ಲ, ಬೆರಳಿಗೆ ಆಸರೆಯೇ ಇರಲಿಲ್ಲ. ಮೊದಲ ಎಸೆತ ಅಡ್ಡ ಬಿತ್ತು. ಎರಡನೆಯದು, ಮೂರನೆಯದು ಬಲಕ್ಕೆ ಹೋದವು, ಸರ್ ಬರೆದ ಹಾಗೇ. ಉಳಿದ ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿ, ಕೊನೆ ಗಳಿಗೆಯವರೆಗೂ ಬಿಡಬೇಡ ಅಂದರು. ಆರನೆಯದು ನೆಟ್ಟಿತು. ಮೊನೆ ನೆಲಕ್ಕೆ ಇಳಿದು ಬಾಲ ಸ್ವಲ್ಪ ಹೊತ್ತು ನಡುಗುತ್ತಿತ್ತು. ನಮ್ಮ ಎರಿ ಮಣ್ಣಿನಲ್ಲಿ ಇದು ಕಾಣಲು ಸಿಗುವುದಿಲ್ಲ. ಬೇಸಿಗೆಯಲ್ಲಿ ಬಿರುಕಿಗೆ ಸಿಗುತ್ತದೆ, ಮಳೆಗಾಲದಲ್ಲಿ ಬೂಟಿಗೆ ಮಣ್ಣು ಮೆತ್ತಿ ಓಡಲಾಗುವುದಿಲ್ಲ. ಶಾಲೆಯ ಅಂಗಳದಲ್ಲಿ ಓಟಕ್ಕೆ ಮೂವತ್ತು ಮೀಟರ್ ಗರಸು ಹಾಕಿಸುವ ವಿಚಾರ ಇದೆ. ಅಣ್ಣಿಗೇರಿ ಅಣ್ಣಾರು ನಿನ್ನೆ ರಾತ್ರಿ ಮೆಸೇಜ್ ಮಾಡಿ, ಒಂದು ಟ್ರ್ಯಾಕ್ಟರ್ ಗರಸು ನಾನು ಕಳಿಸುತ್ತೇನೆ ಅಂದಿದ್ದಾರೆ.

ಎಲ್ಲ ಮುಗಿದ ಮೇಲೆ ಅವರ ಅವ್ವ ಹತ್ತಿರ ಬಂದರು. ಜಾವೆಲಿನ್ ಕೈಗೆ ತೆಗೆದುಕೊಂಡು, ಅಂಗೈ ಮೇಲೆ ಅಡ್ಡ ಇಟ್ಟು ತೂಗಿ ನೋಡಿದರು. "ಇಷ್ಟ ಹಗೂರ ಐತೇನ್ರಿ ಇದು?" ಅಂದರು. ಸರ್ ಅದನ್ನು ನಮಗೇ ಕೊಟ್ಟು ಕಳಿಸಿದ್ದಾರೆ, ಹುಡುಗ 800ಕ್ಕೆ ಬಂದಾಗ ವಾಪಸ್ ಕೊಡಿ ಅಂತ.

ಗದಗ ಬೆಟಗೇರಿ ಅಕ್ಕ

ಮಾಸ್ತರ್ರೆ, ಅಷ್ಟುದ್ದದ್ದು ಬಸ್ಸಿನಲ್ಲಿ ಹೇಗೆ ತಂದ್ರಿ? ನಾವೂ ಮುಂದಿನ ತಿಂಗಳು ಧಾರವಾಡಕ್ಕೆ ಬರಬೇಕು ಅಂತ ಇದ್ದೇವೆ, ಕುರ್ಚಿ ಸಮೇತ.

ನವಲಗುಂದ ಪಿಟಿ ಮಾಸ್ತರ್

ಅಕ್ಕಾರೆ, ನಿನ್ನೆ ಮೊನೆಗೆ ಟವೆಲ್ ಸುತ್ತಿ ತಂದೆವು. ಇವತ್ತು ಶಾಲೆಗೆ ಬರುವಾಗ ಹುಡುಗ ಚೀಲ ತಂದಿದ್ದ. ಅವರ ಅವ್ವ ರಾತ್ರಿ ಕೂತು ಹಳೇ ಕೌದಿ ಕತ್ತರಿಸಿ ಹೊಲಿದಿದ್ದಾರೆ. ಕೆಂಪು, ಹಸಿರು ತುಂಡು. ಮೊನೆ ಬರುವ ಕಡೆ ನಾಲ್ಕು ಪದರ. ಡ್ರೈವರ್ ಹಿಂದಿನ ಸೀಟುಗಳ ಕೆಳಗೆ ಉದ್ದಕ್ಕೆ ಇಡಬಹುದು ಅಂತ ಕಂಡಕ್ಟರ್ ಹೇಳಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ನೀವು ಯಾವ ದಿನ ಬರುತ್ತೀರಿ ಹೇಳಿ. ಕುರ್ಚಿ ಇಳಿಸಲು ಹುಡುಗರನ್ನು ಕರೆದುಕೊಂಡು ನಾನು ಬಸ್ ಸ್ಟ್ಯಾಂಡಿಗೆ ಬರುತ್ತೇನೆ.